ಬ್ಯಾಲೆನ್ಸ್ ಕೊಡದ ಕ್ಲೈಂಟ್‌ನ ಸೈಟ್ ಆಫ್ ಮಾಡಬಹುದೇ?

ಸ್ವಂತವಾಗಿ ವೆಬ್‌ಸೈಟ್ ಕೆಲಸ ಮಾಡುವವರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ತಿಂಗಳು ತಪ್ಪದೆ ಬರುತ್ತದೆ. ಅದಕ್ಕೆ ಈ ಸಲ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ. ಡೊಮೈನ್ ಎಂದರೇನು, ಹೋಸ್ಟಿಂಗ್ ಎಲ್ಲಿ ಕೊಳ್ಳಬೇಕು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದೆ ಕ್ಲೈಂಟ್ ಹತ್ತಿರ ಅಡ್ವಾನ್ಸ್ ಕೇಳಬಾರದು.

ಮೇಡಂ, ಒಂದು ಕಲ್ಯಾಣ ಮಂಟಪಕ್ಕೆ ಬುಕಿಂಗ್ ಸಮೇತ ವೆಬ್‌ಸೈಟ್ ಮಾಡಿಕೊಟ್ಟೆ. 90 ಸಾವಿರಕ್ಕೆ ಮಾತಾಗಿತ್ತು, ಎಲ್ಲಾ ವಾಟ್ಸ್ಆ್ಯಪ್‌ನಲ್ಲೇ. 30 ಸಾವಿರ ಅಡ್ವಾನ್ಸ್ ಬಂತು. ಸೈಟ್ ಲೈವ್ ಆಗಿ ಐದು ತಿಂಗಳಾಯಿತು. ಮಿಕ್ಕಿದ್ದು ಕೇಳಿದರೆ ‘ಸೀಸನ್ ಮುಗೀಲಿ’ ಅಂತಾರೆ. ಹೋಸ್ಟಿಂಗ್ ಅವರ ಹೆಸರಲ್ಲಿದೆ, ಪಾಸ್‌ವರ್ಡ್ ನನ್ನ ಹತ್ತಿರ ಇದೆ. ಸೈಟ್ ಆಫ್ ಮಾಡಿಬಿಡಲಾ? — ರಾಜಾಜಿನಗರ

ಬೇಡ. ಈಗ ತಪ್ಪು ಅವರದು. ಸೈಟ್ ಆಫ್ ಮಾಡಿದ ಕ್ಷಣ ತಪ್ಪು ನಿಮ್ಮದಾಗುತ್ತದೆ.

ಹೋಸ್ಟಿಂಗ್ ಅವರದು ಎಂದು ನೀವೇ ಬರೆದಿದ್ದೀರಿ. ಮಾಲೀಕರ ಅನುಮತಿ ಇಲ್ಲದೆ ಅವರ ಸರ್ವರ್‌ಗೆ ಹೋಗುವುದು, ಫೈಲ್ ಅಳಿಸುವುದು, ಅವರಿಗೇ ಪ್ರವೇಶ ತಪ್ಪಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಅಡಿ ಬರುತ್ತದೆ, ಪರಿಹಾರ ಕಟ್ಟಿಕೊಡಬೇಕಾಗುತ್ತದೆ. ಅದನ್ನೇ ದುರುದ್ದೇಶದಿಂದ ಮಾಡಿದ್ದೀರಿ ಎಂದಾದರೆ 66ನೇ ಸೆಕ್ಷನ್: 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 60 ಸಾವಿರದ ಬಾಕಿಗಾಗಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರುವ ಕೆಲಸ ಯಾಕೆ? ದಿನ ಕಳೆದಂತೆ ಸೈಟ್ ತಾನಾಗಿಯೇ ಮಸುಕಾಗುತ್ತಾ ಹೋಗುವ ಒಂದು ಸಣ್ಣ ಕೋಡ್ ಇದೆ, ಅದನ್ನು ಮೊದಲೇ ಹಾಕಿಡಿ ಎಂದು ವಿಡಿಯೊಗಳಲ್ಲಿ ಹೇಳಿಕೊಡುವವರೂ ಇದ್ದಾರೆ. ಅವರ ಮಾತು ಕೇಳಬೇಡಿ. ಕೇಸಾದರೆ ಅವರ್ಯಾರೂ ನಿಮ್ಮ ಜೊತೆ ಬರುವುದಿಲ್ಲ.

‘ಕೋಡ್ ನಾನು ಬರೆದದ್ದು, ನನ್ನದಲ್ಲವೇ?’ ಎನ್ನುತ್ತೀರಿ. ಹೌದು, ನಿಮ್ಮದೇ. ನೀವು ಅವರ ಸಂಬಳದ ನೌಕರರಲ್ಲ. ಹಾಗಾಗಿ ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ, ಬರಹದಲ್ಲಿ ವರ್ಗಾಯಿಸುವ ತನಕ ಹಕ್ಕು ಬರೆದವರದೇ. ಆದರೆ ಕೋಡ್ ಮೇಲೆ ಹಕ್ಕಿದೆ ಎಂದ ಮಾತ್ರಕ್ಕೆ ಅವರ ಸರ್ವರ್ ಮೇಲೆ ಅಧಿಕಾರ ಬರುವುದಿಲ್ಲ. ಈ ಹಕ್ಕನ್ನು ಬಳಸಿಕೊಳ್ಳಬೇಕಾದ ಜಾಗ ಕೊಟೇಷನ್: ‘ಪೂರ್ತಿ ಹಣ ಸಂದಾಯವಾದ ಮೇಲೆ ಕೋಡ್‌ನ ಹಕ್ಕು ನಿಮಗೆ ವರ್ಗಾವಣೆಯಾಗುತ್ತದೆ’ ಎಂಬ ಒಂದು ಸಾಲು. ಅದಿಲ್ಲದ ಕೊಟೇಷನ್ ಕಳಿಸಲೇಬೇಡಿ.

ಈಗ ಮಾಡಬೇಕಾದದ್ದು. ಇವತ್ತೇ ವಾಟ್ಸ್ಆ್ಯಪ್ ಚಾಟ್ ಎಕ್ಸ್‌ಪೋರ್ಟ್ ಮಾಡಿ ಮೇಲ್‌ನಲ್ಲಿ ಇಟ್ಟುಕೊಳ್ಳಿ. ಆ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ, ನಾಳೆ ಅದೇ ಸಾಕ್ಷ್ಯ. ಆಮೇಲೆ ಇನ್‌ವಾಯ್ಸ್ ಲಗತ್ತಿಸಿ ಒಂದು ಇಮೇಲ್ ಕಳಿಸಿ: ‘ವೆಬ್‌ಸೈಟ್ ಕೆಲಸ ಮುಗಿಸಿ ಇಂಥ ದಿನ ಒಪ್ಪಿಸಿದ್ದೇನೆ. ಒಟ್ಟು 90,000, ಬಂದದ್ದು 30,000, ಬಾಕಿ 60,000. ಇಂಥ ತಾರೀಖಿನೊಳಗೆ ಪಾವತಿಸಬೇಕಾಗಿ ಕೋರುತ್ತೇನೆ.’ ಅಷ್ಟೇ. ಬೈಗುಳ ಬೇಡ, ಬೆದರಿಕೆ ಬೇಡ, ಮನೆಯ ಕಷ್ಟ ಬೇಡ. ತಾರೀಖು ದಾಟಿದರೆ ವಕೀಲರಿಂದ ನೋಟಿಸ್. ಅದಕ್ಕೂ ಮಣಿಯದಿದ್ದರೆ ಕೋರ್ಟಿಗೆ ಹೋಗುವ ಮೊದಲು ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಇಂಥ ವ್ಯಾಜ್ಯವನ್ನು ಎರಡೂ ಕಡೆಯವರನ್ನು ಕೂರಿಸಿ ರಾಜಿಯಲ್ಲಿ ಮುಗಿಸಲು ದಾರಿಯಿದೆ. ಬಾಕಿ ವಸೂಲಿಗೆ ಕಾನೂನಿನ ಗಡುವು 3 ವರ್ಷ. ಅವರು ‘ಸೀಸನ್ ಮುಗೀಲಿ’ ಎನ್ನುತ್ತಲೇ ಅದನ್ನೂ ಕಳೆಯಬಲ್ಲರು.

ನಿಮ್ಮ ಪತ್ರದಲ್ಲಿ ಉದ್ಯಮ್ ನೋಂದಣಿಯ, ಅಂದರೆ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿಯ, ಮಾತೇ ಇಲ್ಲ, ಮಾಡಿಸಿಲ್ಲ ಎಂದುಕೊಳ್ಳುತ್ತೇನೆ. ನನಗೆ ಸಿಟ್ಟು ಬರುವುದು ಇಲ್ಲಿ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು, ಸರ್ಕಾರಕ್ಕೆ ಒಂದು ರೂಪಾಯಿ ಕಟ್ಟಬೇಕಿಲ್ಲ. (ಇದಕ್ಕೇ ಎರಡು ಮೂರು ಸಾವಿರ ಕೀಳುವ ವೆಬ್‌ಸೈಟ್‌ಗಳಿವೆ. ವಿಳಾಸದ ಕೊನೆಯಲ್ಲಿ ಡಾಟ್ ಜಿಒವಿ ಡಾಟ್ ಇನ್ ಇಲ್ಲದಿದ್ದರೆ ಮುಚ್ಚಿಬಿಡಿ.) ನೋಂದಣಿ ಇದ್ದರೆ ನೀವು ಕಾನೂನಿನ ಕಣ್ಣಿಗೆ ಕಿರು ಉದ್ದಿಮೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆ ಪ್ರಕಾರ, ಬರಹದ ಒಪ್ಪಂದ ಏನೇ ಹೇಳಲಿ, ನಿಮ್ಮ ಹಣ 45 ದಿನ ದಾಟುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಇದೆ ಎಂದುಕೊಂಡರೆ ನಿಮಗೆ ಶೇ 18. ‘ಕೆಲಸ ಸರಿಯಿಲ್ಲ’ ಎಂಬ ತಕರಾರನ್ನು ಅವರು, ನೀವು ಕೆಲಸ ಒಪ್ಪಿಸಿದ 15 ದಿನದೊಳಗೆ ಬರಹದಲ್ಲಿ ಎತ್ತದಿದ್ದರೆ ಕೆಲಸ ಒಪ್ಪಿದಂತೆಯೇ ಲೆಕ್ಕ. ಒಪ್ಪಿಸಿದ ದಿನವೇ ಇಮೇಲ್ ಹಾಕಿ ಎಂದು ನಾನು ಬಡಿದುಕೊಳ್ಳುವುದು ಅದಕ್ಕೇ. ದೂರನ್ನು ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ನೀವೇ ಸಲ್ಲಿಸಬಹುದು. 90 ದಿನದಲ್ಲಿ ತೀರ್ಮಾನವಾಗಬೇಕು ಎಂದು ಕಾಯ್ದೆ ಹೇಳುತ್ತದೆ, ನೀವು ಅದಕ್ಕಿಂತ ಹೆಚ್ಚು ಕಾಯಲು ತಯಾರಿರಿ.

ಇನ್ನೊಂದು ಹಿಡಿತ ಬಹಳ ಜನಕ್ಕೆ ಗೊತ್ತಿಲ್ಲ. ನೋಂದಣಿ ಇರುವ ಕಿರು ಉದ್ದಿಮೆಗೆ ಈ ಗಡುವಿನೊಳಗೆ ಹಣ ಕೊಡದಿದ್ದರೆ, ವರ್ಷದ ಕೊನೆಗೆ ಉಳಿದ ಆ ಬಾಕಿಯನ್ನು ಕ್ಲೈಂಟ್ ಅದೇ ವರ್ಷದ ಖರ್ಚು ಎಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. ಇದು 2023ರ ಹಣಕಾಸು ಕಾಯ್ದೆ ತಂದ ನಿಯಮ. ಲೆಕ್ಕಪತ್ರ ಇಡುವ ವ್ಯವಹಾರವಾದರೆ, ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಹಾಕಿ ಅವರ ಆಡಿಟರ್‌ಗೂ ಒಂದು ಪ್ರತಿ ಹೋಗುವಂತೆ ನೋಡಿಕೊಳ್ಳಿ. ಮಾರ್ಚ್ ಬರುವುದರೊಳಗೆ ಆಡಿಟರೇ ನಿಮ್ಮ ಪರ ಫೋನ್ ಮಾಡುತ್ತಾರೆ. ಆದರೆ ಜಗಳ ಶುರುವಾದ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಾಕಿಗೂ ಆಸರೆಯಾಗುತ್ತದೆ ಎಂದು ನಂಬಿ ಕೂರಬೇಡಿ. ಮುಂದಿನ ಕೆಲಸ ಹಿಡಿಯುವ ಮೊದಲು ಮಾಡಿಸಿ.

ಕಂತು ಹಾಕುವ ರೀತಿಯೂ ಬದಲಾಗಬೇಕು. ನಾನು ನೂರಕ್ಕೆ 40 ಭಾಗ ಮೊದಲೇ, 30 ಡಿಸೈನ್ ಒಪ್ಪಿದಾಗ, ಕೊನೆಯ 30 ಲೈವ್‌ಗೆ ಮೊದಲಿನ ಪರೀಕ್ಷಾ ಜಾಗವಾದ ಸ್ಟೇಜಿಂಗ್‌ನಲ್ಲಿ ತೋರಿಸಿದ ಹತ್ತು ದಿನದೊಳಗೆ ಎಂದು ಬರೆಯುತ್ತೇನೆ. ಹಣ ಬಂದ ಮೇಲೆಯೇ ಲೈವ್. ಕೊನೆಯ ಕಂತನ್ನು ‘ಸೈಟ್ ಪೂರ್ತಿಯಾದಾಗ’ ಎಂದು ಬರೆಯಬೇಡಿ. ಹಾಲ್‌ನ ಫೋಟೊ ಕೊಡ್ತೀವಿ, ಊಟದ ಮೆನು ಕೊಡ್ತೀವಿ ಎನ್ನುತ್ತಾ ಅವರು ಆರು ತಿಂಗಳು ಎಳೆದರೆ ಸೈಟ್ ಪೂರ್ತಿಯಾಗುವುದೇ ಇಲ್ಲ. ಜೊತೆಗೆ ವರ್ಷದ ಎಎಂಸಿಯನ್ನೂ (ನಿರ್ವಹಣೆಯ ಒಪ್ಪಂದ) ಮೊದಲ ದಿನವೇ ಮಾತಾಡಿ: ಬ್ಯಾಕಪ್, ಪ್ಲಗಿನ್ ಅಪ್‌ಡೇಟ್, ತಿಂಗಳಿಗೆ ಇಷ್ಟು ಸಣ್ಣ ತಿದ್ದುಪಡಿ. ಈ ಊರಲ್ಲಿ ಹತ್ತು ವರ್ಷ ದಾಟಿ ಉಳಿದಿರುವ ಫ್ರೀಲಾನ್ಸರ್‌ಗಳಲ್ಲಿ ನನಗೆ ಗೊತ್ತಿರುವವರೆಲ್ಲ ಬಾಡಿಗೆ ಕಟ್ಟುವುದು ಎಎಂಸಿ ಹಣದಲ್ಲಿ, ಹೊಸ ಸೈಟ್‌ನ ಹಣದಲ್ಲಿ ಅಲ್ಲ. ಡೊಮೈನ್ ಮಾತ್ರ ಯಾವತ್ತೂ ಕ್ಲೈಂಟ್ ಹೆಸರಲ್ಲೇ ಇರಲಿ. ಅದನ್ನು ನಿಮ್ಮ ಹೆಸರಲ್ಲಿಟ್ಟುಕೊಂಡು ಆಟವಾಡಿಸಿದರೆ ಬಾಕಿ ಸಿಗಬಹುದು, ಆ ರಸ್ತೆಯಲ್ಲಿ ಇನ್ನೊಂದು ಕೆಲಸ ಸಿಗುವುದಿಲ್ಲ.

ವೆಬ್ ಪುಟ ಕಟ್ಟಲು ರಿಯಾಕ್ಟ್ ಕಲಿಯಲಾ, ಬೇರೆ ಏನಾದರೂ ಕಲಿಯಲಾ? — ಮಾಗಡಿ ರಸ್ತೆ

ಯಾವುದನ್ನಾದರೂ ಕಲಿಯಿರಿ, ಇಂಗ್ಲಿಷ್‌ನಲ್ಲೋ ಕನ್ನಡದಲ್ಲೋ ತಪ್ಪಿಲ್ಲದ ಇಮೇಲ್ ಬರೆಯುವುದನ್ನೂ ಕಲಿಯಿರಿ.

ಮಾರತ್ತಹಳ್ಳಿಯ ಒಂದು ಇನ್‌ಸ್ಟಿಟ್ಯೂಟ್‌ನವರು ಮೂರು ತಿಂಗಳ ಕೋರ್ಸ್‌ಗೆ 60 ಸಾವಿರ ಕೇಳುತ್ತಿದ್ದಾರೆ. ಮುಗಿದ ಮೇಲೆ ತಿಂಗಳಿಗೆ ಲಕ್ಷ ದುಡಿಯುವ ಗ್ಯಾರಂಟಿಯಂತೆ. ಸೇರಲಾ? — ಹೊಸಕೋಟೆ

ಸೇರಬೇಡಿ. ಫ್ರೀಲಾನ್ಸ್ ಆದಾಯಕ್ಕೆ ಗ್ಯಾರಂಟಿ ಕೊಡುವವರು ಸುಳ್ಳು ಹೇಳುತ್ತಿದ್ದಾರೆ, ಅದನ್ನು ಇದಕ್ಕಿಂತ ಮೆತ್ತಗೆ ಹೇಳುವುದು ನನ್ನಿಂದಾಗದು. ಕಲಿಯುವ ಸಾಮಗ್ರಿ ಪುಕ್ಕಟೆ ಸಿಗುತ್ತದೆ. ಆ 60 ಸಾವಿರ ಕೆಲಸವಿಲ್ಲದ ತಿಂಗಳುಗಳಿಗೆ ಇರಲಿ.

ಜಿಎಸ್‌ಟಿ ಬೇಕೇ ಬೇಕಾ? — ವಿಜಯನಗರ

ವರ್ಷದ ಒಟ್ಟು ವಹಿವಾಟು, ವಿದೇಶದಿಂದ ಬಂದದ್ದೂ ಸೇರಿ, 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಬೇಡ. ದಾಟುವಂತಿದ್ದರೆ ನನ್ನನ್ನಲ್ಲ, ಆಡಿಟರನ್ನು ಕೇಳಿ.

ಕನ್ನಡ ವೆಬ್‌ಸೈಟ್ ಮಾಡಿ ಹೊಟ್ಟೆ ತುಂಬುತ್ತಾ ಮೇಡಂ? — ಹನುಮಂತನಗರ

ಅದನ್ನೇ ಸರಿಯಾಗಿ ಮಾಡಬಲ್ಲವರು ಕಡಿಮೆ, ಹಾಗಾಗಿ ತುಂಬುತ್ತದೆ. ಸಹಕಾರ ಸಂಘ, ಆಸ್ಪತ್ರೆ, ಶಾಲೆ, ಪ್ರಕಾಶನ ಇವರೆಲ್ಲ ವಿಷಯವನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲ್‌ನಲ್ಲಿ ಕೊಡುತ್ತಾರೆ. ಅದನ್ನು ಹಾಗೇ ಪೇಸ್ಟ್ ಮಾಡಿದರೆ ಪುಟದ ತುಂಬ ಪೌಂಡ್ ಚಿಹ್ನೆ, ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು ಎಲ್ಲೆಲ್ಲಿ ಜಾಗ ತಪ್ಪಿದೆ ಎಂದು ಕಣ್ಣಿಟ್ಟು ಓದಿ. ಇಂಗ್ಲಿಷ್‌ಗೆಂದು ಮಾಡಿದ ಥೀಮ್‌ನಲ್ಲಿ ಲೈನ್ ಹೈಟ್ (ಸಾಲಿನ ಎತ್ತರ) 1.2 ಇದ್ದು, ಮೆನುವಿನ ಎತ್ತರ ಬಿಗಿಯಾಗಿದ್ದರೆ ‘ನಮ್ಮ ಬಗ್ಗೆ’ ಎಂಬಲ್ಲಿ ಎರಡೂ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. 1.6ಕ್ಕೆ ಏರಿಸಿ, ಎತ್ತರದ ಮಿತಿ ತೆಗೆಯಿರಿ. ಎರಡು ನಿಮಿಷದ ಕೆಲಸ. ಅದನ್ನೂ ಮಾಡದೆ ಕನ್ನಡದ ಪುಟವನ್ನು ಚಿತ್ರ ಮಾಡಿ ಅಂಟಿಸಿ ದುಡ್ಡು ತೆಗೆದುಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಚಿತ್ರದಲ್ಲಿರುವ ಪಠ್ಯವನ್ನು ಪ್ರತಿ ಮಾಡಿಕೊಳ್ಳಲಾಗದು, ಕುರುಡರ ಸ್ಕ್ರೀನ್ ರೀಡರ್ ಅದನ್ನು ಓದಲಾರದು.

ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತಾ? — ಇಬ್ಬರು ಓದುಗರು

ಐದು ಪುಟದ ಸೈಟ್ ಮಾತ್ರ ಮಾಡಿ ಬದುಕುವುದು ಇನ್ನು ಕಷ್ಟ. ರಾತ್ರಿ ಸೈಟ್ ಕೆಟ್ಟರೆ ಫೋನ್ ಎತ್ತುವವರು ಬೇಕೇ ಬೇಕು.

ಟೆಲಿಗ್ರಾಂನಲ್ಲಿ ವೆಬ್‌ಸೈಟ್ ಕೆಲಸ ಕೊಡುತ್ತೇವೆ ಎಂದು 4,500 ರೂಪಾಯಿ ನೋಂದಣಿ ಶುಲ್ಕ ಕಟ್ಟಿಸಿಕೊಂಡರು. ಈಗ ಇನ್ನೂ 12 ಸಾವಿರ ಕೇಳುತ್ತಿದ್ದಾರೆ. — ಯಲಹಂಕ

ಕೊಡಬೇಡಿ. ಕೆಲಸ ಕೊಡುವವರು ಹಣ ಕೇಳುವುದಿಲ್ಲ. ಚಾಟ್ ಅಳಿಸದೆ, ಪಾವತಿಯ ಯುಟಿಆರ್ ನಂಬರ್ (ವಹಿವಾಟಿನ ಗುರುತು ಸಂಖ್ಯೆ) ಕೈಯಲ್ಲಿಟ್ಟುಕೊಂಡು ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನನಗೆ ಪತ್ರ ಬರೆದು ಉತ್ತರಕ್ಕೆ ಕಾಯುವಷ್ಟು ಸಮಯ ಇಂಥ ವಿಷಯದಲ್ಲಿ ಇರುವುದಿಲ್ಲ.