ಡಬ್ಲ್ಯೂ-7 ಜೊತೆ ಅಂಚೆಯಲ್ಲಿ ಹೋದ 1040: ಇನ್ನೊಂದು ಪ್ರತಿ ಕಳಿಸಬೇಡಿ

ಮಾರ್ಚ್‌ನಲ್ಲಿ ಪತ್ನಿಯ ಐಟಿನ್ (ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗದವರಿಗೆ ಅಮೆರಿಕ ಕೊಡುವ ತೆರಿಗೆ ಸಂಖ್ಯೆ) ಅರ್ಜಿಯಾದ ಡಬ್ಲ್ಯೂ-7ರ ಜೊತೆ ನಿಮ್ಮ ತೆರಿಗೆ ರಿಟರ್ನ್, ಅಂದರೆ ಫಾರ್ಮ್ 1040, ಕಳಿಸಿ ಹತ್ತು ವಾರ ಆಯಿತು, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ತಾಣದಲ್ಲಿ ಸುಳಿವೇ ಇಲ್ಲ, ಮತ್ತೆ ಕಳಿಸಲೇ ಎಂದು ಕೇಳಿದ್ದೀರಿ. ಬೇಡವೇ ಬೇಡ. ಎರಡನೇ ಪ್ರತಿ ಹೋದರೆ ಅದು ನಕಲು ರಿಟರ್ನ್ ಎಂದು ದಾಖಲಾಗಿ, ಯಾರಾದರೂ ಕೈಯಿಂದ ಬಿಡಿಸುವವರೆಗೆ ಎರಡೂ ನಿಲ್ಲಬಹುದು.

ನಿಮ್ಮ ಲಕೋಟೆ ಮಾಮೂಲಿ ಸಾಲಿನಲ್ಲಿ ಇಲ್ಲ. ಮೊದಲು ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ಐಆರ್‌ಎಸ್‌ನ ಐಟಿನ್ ವಿಭಾಗ ಡಬ್ಲ್ಯೂ-7 ನೋಡುತ್ತದೆ. ಅದು ಇತ್ಯರ್ಥವಾದ ಮೇಲಷ್ಟೇ 1040 ಮುಂದಿನ ಮೇಜಿಗೆ ಹೋಗುವುದು. ಐಟಿನ್‌ಗೆ ಸಾಮಾನ್ಯವಾಗಿ 7 ವಾರ. ಜನವರಿ 15ರಿಂದ ಏಪ್ರಿಲ್ 30ರ ನಡುವೆ ಕಳಿಸಿದ್ದರೆ 11 ವಾರದವರೆಗೆ. ರಿಟರ್ನ್‌ನ ಸಮಯ ಅದರ ನಂತರ ಶುರು. ಹಾಗಾಗಿ ಹತ್ತನೇ ವಾರಕ್ಕೆ ಮೌನ ಸಹಜವೇ.

ಈಗ ಕಾಯಬೇಕಾದದ್ದು ಐಆರ್‌ಎಸ್‌ನಿಂದ ಬರುವ ಕಾಗದಕ್ಕೆ. ಸಿಪಿ 565 ಎಂಬ ಪತ್ರ ಬಂದರೆ ಸಂಖ್ಯೆ ಸಿಕ್ಕಿತು. ಸಿಪಿ 566 ಬಂದರೆ ದಾಖಲೆ ಸಾಲದು ಎಂದರ್ಥ. 45 ದಿನದೊಳಗೆ ಉತ್ತರಿಸದಿದ್ದರೆ ಅರ್ಜಿ ತಿರಸ್ಕಾರ, ಅದರ ಪತ್ರ ಸಿಪಿ 567. ಇಲ್ಲಿ ನಮ್ಮವರು ಹೆಚ್ಚಾಗಿ ಎಡವುವುದು ಪಾಸ್‌ಪೋರ್ಟ್‌ನಲ್ಲಿ: ನೋಟರಿ ಮುದ್ರೆಯ ಜೆರಾಕ್ಸ್ ನಡೆಯದು. ಮೂಲ ಪಾಸ್‌ಪೋರ್ಟ್, ಇಲ್ಲವೇ ಅದನ್ನು ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ ಬೇಕು. ನೀವು ಜೆರಾಕ್ಸ್ ಕಳಿಸಿದ್ದರೆ 566ಕ್ಕೆ ಈಗಲೇ ಸಿದ್ಧವಾಗಿ. ಮನೆ ಬದಲಾಯಿಸಿದ್ದರೆ ವಿಳಾಸ ಬದಲಾವಣೆಯ ಫಾರ್ಮ್ 8822 ತುಂಬಿ ಕಳಿಸಿ, ಪತ್ರ ಹಳೇ ವಿಳಾಸಕ್ಕೆ ಹೋದರೆ ಆ 45 ದಿನ ಸುಮ್ಮನೆ ಕಳೆದುಹೋಗುತ್ತದೆ.

11 ವಾರ ದಾಟಿದ ಮೇಲೆ ಐಆರ್‌ಎಸ್‌ಗೆ ಫೋನ್ ಮಾಡಿ. ರಿಟರ್ನ್ ಬಗ್ಗೆ ಕೇಳಬೇಡಿ, ಡಬ್ಲ್ಯೂ-7 ಸ್ಥಿತಿ ಕೇಳಿ. ಸಂಖ್ಯೆ ಬಂದ ನಂತರ ಐಆರ್‌ಎಸ್ ತಾಣದಲ್ಲಿ ನಿಮ್ಮ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ (ನಿಮ್ಮ ತೆರಿಗೆ ಖಾತೆಯ ದಾಖಲೆ) ತೆರೆದು ಸಂಕೇತ ಸಂಖ್ಯೆಗಳನ್ನು ನೋಡುತ್ತಿರಿ: 150 ಕಂಡರೆ ರಿಟರ್ನ್ ದಾಖಲಾಗಿದೆ, 570 ಅಂದರೆ ತಡೆ, 846 ಅಂದರೆ ರಿಫಂಡ್ ಹೊರಟಿದೆ.