ಒಲಿಂಪಿಕ್ಸ್ ಹುಟ್ಟಿದ್ದು ಹೇಗೆ? ಗ್ರೀಕರ ಕಥೆ ಏನು ಹೇಳುತ್ತದೆ?

ಒಂದೇ ಕಥೆ ಇಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಪೆಲೊಪ್ಸ್‌ನದು. ಒಲಿಂಪಿಯಾ ಬಳಿಯ ಪೀಸಾದ ರಾಜ ಒಯಿನೊಮೌಸ್ ತನ್ನ ಮಗಳು ಹಿಪ್ಪೊಡಮಿಯಾಳನ್ನು ಕೇಳಿಕೊಂಡು ಬಂದವರಿಗೆಲ್ಲ ರಥದ ಪಂದ್ಯ ಒಡ್ಡುತ್ತಿದ್ದ, ಸೋತವರ ತಲೆ ತೆಗೆಯುತ್ತಿದ್ದ. ಹಾಗೆ ಬಂದ ಪೆಲೊಪ್ಸ್ ರಾಜನ ಸಾರಥಿ ಮಿರ್ಟಿಲಸ್‌ಗೆ ಆಸೆ ತೋರಿಸಿ, ರಥದ ಗಾಲಿಯ ಕಡಾಣಿ ತೆಗೆಸಿ ಮೇಣದ್ದನ್ನು ಹಾಕಿಸಿದ. ಓಟದ ನಡುವೆ ಮೇಣ ಕರಗಿತು, ಗಾಲಿ ಕಳಚಿತು, ರಾಜ ಸತ್ತ. ಆಮೇಲೆ ಪೆಲೊಪ್ಸ್ ಆ ಸಾರಥಿಯನ್ನೂ ಸಮುದ್ರಕ್ಕೆ ತಳ್ಳಿದ! ಇಂಥವನ ಹೆಸರಲ್ಲಿ ಒಲಿಂಪಿಯಾದಲ್ಲಿ ಆಟ ಶುರುವಾಯಿತಂತೆ. ಮೋಸದಿಂದಲೇ ಆರಂಭ ಅಲ್ವಾ? ಕವಿ ಪಿಂಡಾರ್‌ಗೂ ಇದು ಹಿಡಿಸಿರಲಿಕ್ಕಿಲ್ಲ, ಅವನ ಹಾಡಿನಲ್ಲಿ ಮೇಣದ ಸುದ್ದಿಯೇ ಇಲ್ಲ, ಸಮುದ್ರದೇವ ಪೊಸೈಡನ್ ಕೊಟ್ಟ ರೆಕ್ಕೆಯ ಕುದುರೆಗಳಿಂದ ಪೆಲೊಪ್ಸ್ ಗೆಲ್ಲುತ್ತಾನೆ. ಆಟ ಶುರು ಮಾಡಿದ್ದು ವೀರ ಹೆರಾಕ್ಲಿಸ್ ಎಂದೂ ಪಿಂಡಾರನೇ ಹೇಳುತ್ತಾನೆ.

ಉಳಿದ ಮೂರು ದೊಡ್ಡ ಕ್ರೀಡಾಕೂಟಗಳ ಹಿಂದೆಯೂ ಸಾವೇ ಇದೆ. ಡೆಲ್ಫಿಯದ್ದು ಅಪೊಲೊ ದೇವರು ಕೊಂದ ಪೈಥಾನ್ ಸರ್ಪಕ್ಕೆ, ಇಸ್ತ್ಮಿಯಾದ್ದು ಸಮುದ್ರದ ಪಾಲಾದ ಮೆಲಿಕೆರ್ಟಿಸ್ ಎಂಬ ಹುಡುಗನಿಗೆ. ನೆಮಿಯಾದಲ್ಲಿ ಹಾವಿನಿಂದ ಸತ್ತ ಒಫೆಲ್ಟಿಸ್ ಎಂಬ ಮಗುವಿನ ನೆನಪಿಗೆ ತೀರ್ಪುಗಾರರು ಕಪ್ಪು ಬಟ್ಟೆ ಹಾಕುತ್ತಿದ್ದರು.

ಕ್ರಿ.ಪೂ. 776 ಎನ್ನುವುದು ಮೊದಲ ಒಲಿಂಪಿಕ್ಸ್‌ಗೆ ಗ್ರೀಕರು ಆಮೇಲೆ ಲೆಕ್ಕ ಹಾಕಿ ಕೊಟ್ಟ ವರ್ಷ.