ದೊಡ್ಡಪೇಟೆಯ ಮಾಳಿಗೆ ಮನೆ: ಕಾಂಕ್ರೀಟ್ ಹಾಕುವ ಮುಂಚೆ

ಸರ್, ಚಿತ್ರದುರ್ಗ ದೊಡ್ಡಪೇಟೆಯ ನಿಮ್ಮ ಅಜ್ಜನ ಮನೆ ಫೋಟೊ ನೋಡಿದೆ. ಮಾಳಿಗೆ, ಅಂದರೆ ತೊಲೆಗಳ ಮೇಲೆ ಮಣ್ಣು ಹಾಸಿದ ಚಾವಣಿ, ಸೋರುತ್ತಿದೆ, ಮೇಲೆ ಎರಡು ಅಂಗುಲ ಕಾಂಕ್ರೀಟ್ ಹಾಕಿ ಗೋಡೆಗೆ ಸಿಮೆಂಟ್ ಬಳಿಯೋಣ ಅಂತ ಮೇಸ್ತ್ರಿ ಹೇಳಿದ್ದಾರೆ, ಮಾಡಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ಮೊದಲು ಭಾರದ ಲೆಕ್ಕ ನೋಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ ಮೇಲೆ ಎರಡು ಅಂಗುಲ ಕಾಂಕ್ರೀಟ್ ಅಂದರೆ ಒಂದು ಟನ್ನಿಗಿಂತ ಜಾಸ್ತಿ. ಈಗ ಅಲ್ಲಿರುವ ಮಣ್ಣೂ ಅಂಗುಲಕ್ಕೆ ಸುಮಾರು 400 ಕೆಜಿ ತೂಗುತ್ತದೆ. ಮಳೆಗಾಲಕ್ಕೆ ಮುಂಚೆ ಒಂದಿಷ್ಟು ಕರಲು ಮಣ್ಣು ಹರಡುವುದು ನಮ್ಮ ಕಡೆ ರೂಢಿ. ಕರಲಿನಲ್ಲಿ ಉಪ್ಪಿನಂಶ ಇರುತ್ತದೆ, ನೀರು ಬಿದ್ದರೆ ಸಣ್ಣ ರಂಧ್ರಗಳೆಲ್ಲ ಮುಚ್ಚಿಕೊಳ್ಳುತ್ತವೆ, ಹುಲ್ಲೂ ಬೆಳೆಯುವುದಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಹಾಕುವವರೇ ಎಲ್ಲ, ಹಳೇದನ್ನು ಕೆರೆದು ತೆಗೆಯುವವರು ಯಾರೂ ಇಲ್ಲ. ಒಂದು ಕಡೆ ಗುಂಡಿ ತೋಡಿ ದಪ್ಪ ಅಳೆಯಿರಿ. ನಮ್ಮ ಮನೆಯಲ್ಲಿ ಒಂದೂವರೆ ಅಡಿ ಸಿಕ್ಕಿತು!

ಆಮೇಲೆ ತೊಲೆಗಳ ತುದಿ ನೋಡಿ. ತೊಲೆ ನಡುವೆ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಲಡ್ಡಾಗಿರಬಹುದು. ಸ್ಕ್ರೂಡ್ರೈವರ್ ಚುಚ್ಚಿ, ಸುಲಭವಾಗಿ ಇಳಿದರೆ ಆ ತೊಲೆ ಬದಲಿಸಲೇಬೇಕು. ಮಣ್ಣು ತೆಗೆಸುವ ಮುಂಚೆ ಕೆಳಗೆ ಮರದ ಆಸರೆ ಕೊಡಿಸಿ. ಒಂದೇ ಕಡೆಯಿಂದ ಖಾಲಿ ಮಾಡಬೇಡಿ, ಎಲ್ಲ ಕಡೆಯಿಂದ ಸಮನಾಗಿ ಇಳಿಸಿ. ಮತ್ತೆ ಹಾಕುವಾಗ ಆರಂಗುಲ ಸಾಕು, ನೀರು ಹೊರಗೆ ಹೋಗುವ ಕಡೆಗೆ ಇಳಿಜಾರು ಮಾತ್ರ ಸರಿಯಾಗಿರಲಿ. ಸೋರುವ ಎಷ್ಟೋ ಮನೆಗಳಲ್ಲಿ ಕಾರಣ ಆ ದಾರಿಯಲ್ಲಿ ಕಟ್ಟಿಕೊಂಡ ಕಸ.

ಗೋಡೆ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಮೂರಡಿ ಎತ್ತರ ಸಿಮೆಂಟ್ ಬಳಿಸಿದೆ, ಎರಡು ವರ್ಷ ನೋಡಲು ಚೆಂದ. ಮೂರನೇ ವರ್ಷ ತೇವ ಅದರ ಮೇಲಕ್ಕೆ ಹತ್ತಿ, ಸಿಮೆಂಟು ಒಳಗಿನ ಮಣ್ಣನ್ನೂ ಕಿತ್ತುಕೊಂಡು ಬಿತ್ತು. ಮಣ್ಣಿನ ಗೋಡೆಗೆ ಕೆಳಗಿನಿಂದ ಹತ್ತಿದ ನೀರು ಮೇಲ್ಮೈಯಿಂದ ಆರಿಹೋಗಬೇಕು, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ.

ಹಳಬರು ಇದಕ್ಕೇ ಕೆಳಗೆ ಕಲ್ಲು, ಮೇಲೆ ಮಣ್ಣು ಇಟ್ಟಿದ್ದು. ಕೋಟೆಯ ಬಂಡೆಗಳ ಬುಡದ ಊರಿನಲ್ಲಿ ಕಲ್ಲಿಗೇನು ಬರ ಅಲ್ವಾ! ಆದರೆ ಬೀದಿಗೆ ಪದೇಪದೇ ಡಾಂಬರು, ಕಾಂಕ್ರೀಟ್ ಹಾಕಿ ಹಾಕಿ ರಸ್ತೆ ಏರಿದೆ. ಮೊಣಕಾಲೆತ್ತರ ಇದ್ದ ಕಲ್ಲು ಈಗ ಎಷ್ಟೋ ಮನೆಗಳಲ್ಲಿ ರಸ್ತೆಯ ಸಮಕ್ಕೆ ಬಂದಿದೆ. ಚರಂಡಿ ನೀರು ನೇರ ಮಣ್ಣಿನ ಗೋಡೆಗೆ. ನಿಮ್ಮ ಫೋಟೊದಲ್ಲಿ ಜಗಲಿ ರಸ್ತೆಗಿಂತ ಒಂದೇ ಗೇಣು ಎತ್ತರ ಇದೆ, ನನ್ನ ಅನುಮಾನ ಅಲ್ಲೇ. ಗೋಡೆಯ ಬುಡದಲ್ಲಿ ಒಂದಡಿ ಅಗಲ ತೋಡಿಸಿ, ಜಲ್ಲಿ ತುಂಬಿಸಿ, ನೀರು ಚರಂಡಿಗೆ ಹರಿಯುವಂತೆ ಮಾಡಿ.

ಗೋಡೆಗೆ ಸುಣ್ಣದ ಗಾರೆ ಹಾಕಿಸಿ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸುಣ್ಣವನ್ನು ಕನಿಷ್ಠ ಹದಿನೈದು ದಿನ ನೀರಿನಲ್ಲಿ ಕೊಳೆಹಾಕಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದ ಕೂಡಲೇ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಇರಲಿ.

ಇನ್ನೊಂದು ಮಾತು. ಪೇಟೆ ಮನೆಗಳಲ್ಲಿ ಗೋಡೆ ಜಂಟಿ. ಪಕ್ಕದವರ ತೊಲೆಯೂ ಅದೇ ಗೋಡೆ ಮೇಲೆ ಕೂತಿರಬಹುದು, ಕೆಲಸ ಶುರುಮಾಡುವ ಮುಂಚೆ ಅವರ ಮನೆ ಒಳಗೂ ಹೋಗಿ ನೋಡಿ ಬನ್ನಿ. ಮಾಳಿಗೆಯ ಗವಾಕ್ಷಿಯನ್ನು ಸೋರುತ್ತೆ ಅಂತ ಮುಚ್ಚಿಸಬೇಡಿ, ನಡುಮನೆಗೆ ಇರುವ ಬೆಳಕು ಅದೊಂದೇ. ಮೇಲೊಂದು ಗಾಜಿನ ಮುಚ್ಚಳ ಸಾಕು.

ತೊಲೆ ತುದಿಗಳ ಫೋಟೊ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.